ಅಳಿಯಂದಿರು ತೆಗೆದ ಸಹಜ ಚಿತ್ರ

ಇನ್ನು ಮೇಲೆ ಒಂದೇ ಒಂದು ಸುಳ್ಳು ಫೋಟೋ ತೆಗೆಯುವುದಿಲ್ಲ ಎಂದು ಜಯದೇವಪ್ಪ ಭೀಷ್ಮಪ್ರತಿಜ್ಞೆ ಮಾಡಿದ್ದು ಎಪ್ಪತ್ತೆಂಟನೇ ಇಸವಿಯ ಜುಲೈ ತಿಂಗಳಲ್ಲಿ, ಬೆಳಗಿನ ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ. ಸಾಕ್ಷಿಗೆ ಇದ್ದವಳು ಹೆಂಡತಿ ಮಲ್ಲಿಕಾಂಬ ಒಬ್ಬಳೇ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಳು.

“ಹಂಗಾದ್ರೆ ಇಷ್ಟು ದಿನ ತೆಗೆದದ್ದೆಲ್ಲಾ ಸುಳ್ಳಾ?” ಎಂದಳು.

“ಮತ್ತಿನ್ನೇನು ಕಣೇ? ನಮ್ಮ ಸ್ಟುಡಿಯೋ ಒಳಗೆ ಒಂದು ಸಲ ಹೋಗಿ ನೋಡು.”

ನೋಡುವುದೇನೂ ಬೇಕಿರಲಿಲ್ಲ, ಅವಳೇ ದಿನಾ ಕಸ ಗುಡಿಸುತ್ತಿದ್ದದ್ದು. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಆ ಸ್ಟುಡಿಯೋದಲ್ಲಿ ಗೋಡೆಯ ತುಂಬ ಒಂದು ಪರದೆ. ಪರದೆಯ ಮೇಲೆ ಒಂದು ಸರೋವರ, ಎರಡು ಹಂಸ, ಹಂಸಗಳ ಹಿಂದೆ ಹಿಮಾಲಯ. ಹದಿಮೂರು ವರ್ಷಗಳಿಂದ ಸುತ್ತಲಿನ ಹೋಬಳಿಗಳ ರೈತರೆಲ್ಲ ಹಿಮಾಲಯದ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಮೇಯಿಸುವವರೂ ಅಲ್ಲೇ, ತೆಂಗಿನಕಾಯಿ ವ್ಯಾಪಾರದವರೂ ಅಲ್ಲೇ. ಎಲ್ಲರ ಮೈಮೇಲೂ ಸ್ಟುಡಿಯೋದ ಒಂದೇ ಕೋಟು. ದಪ್ಪಗಿದ್ದವರಿಗೆ ಗುಂಡಿ ಹಾಕಲು ಆಗದಿದ್ದರೆ ಬೆನ್ನಿನ ಹೊಲಿಗೆ ಬಿಚ್ಚಿಕೊಳ್ಳುವ ಏರ್ಪಾಡೂ ಆ ಕೋಟಿಗಿತ್ತು. ಮುಂದಿನಿಂದ ಸಾಹುಕಾರ, ಹಿಂದಿನಿಂದ ಬರೀ ಬನಿಯನ್ನು!

ಪ್ರತಿಜ್ಞೆಗೆ ಕಾರಣ ಒಂದು ಕಾಗದ. ಸೆಪ್ಟೆಂಬರಿನಲ್ಲಿ ಕಡೂರಿನಲ್ಲಿ ರೈತರ ಮೇಳ ನಡೆಯುವುದಿತ್ತು. ಅದರ ಜೊತೆಗೆ ‘ರೈತ ಮತ್ತು ಹೊಲ’ ಎಂಬ ಫೋಟೋ ಪ್ರದರ್ಶನ. ಕಡೂರು, ತರೀಕೆರೆ, ಅಜ್ಜಂಪುರದ ಫೋಟೋಗ್ರಾಫರುಗಳೆಲ್ಲ ಚಿತ್ರ ಕೊಡಬಹುದು. ನಿಯಮ ಎರಡೇ: ಚಿತ್ರ ಸಹಜವಾಗಿರಬೇಕು, ಮತ್ತು ಒಬ್ಬರಿಗೆ ಒಂದೇ ಚಿತ್ರ. ತರೀಕೆರೆಯ ವಜೀರ್ ಸಾಬರು ಕೊಡುತ್ತಾರೆಂದು ಆಗಲೇ ಸುದ್ದಿಯಾಗಿತ್ತು. ಜಯದೇವಪ್ಪ ಕ್ಯಾಮೆರಾ ಹಿಡಿಯುವುದನ್ನು ಕಲಿತದ್ದೇ ಅವರ ಕೈಕೆಳಗೆ. ಗುರುಗಳ ಮೇಲೆ ಅವನಿಗೆ ಅಪಾರ ಗೌರವ. ಅವರನ್ನು ಒಂದು ಸಲವಾದರೂ ಸೋಲಿಸಬೇಕೆಂಬ ಆಸೆ ಅದಕ್ಕಿಂತ ಅಪಾರ.

“ಇದ್ದದ್ದನ್ನು ಇದ್ದ ಹಾಗೆ ತೆಗಿತೀನಿ ಕಣೇ. ಬೆವರು, ಧೂಳು, ಮಣ್ಣು. ರೈತ ಅಂದ್ರೆ ಏನು ಅಂತ ಈ ನಾಡಿಗೆ ತೋರಿಸ್ತೀನಿ.”

“ಈ ನಾಡಲ್ಲಿ ರೈತರನ್ನ ನೋಡ್ದೆ ಇರೋರು ಯಾರ್ರೀ ಇದಾರೆ? ಬಾಗಿಲು ತೆಗೆದ್ರೆ ಎದುರಿಗೇ ಹೋಗ್ತಿರ್ತಾರೆ.”

“ನೋಡೋದು ಬೇರೆ, ಕಾಣೋದು ಬೇರೆ,” ಎಂದು ಜಯದೇವಪ್ಪ ಗಂಭೀರವಾಗಿ ಹೇಳಿ, ಲೋಟ ಕೆಳಗಿಟ್ಟು, ಮುಖ್ಯ ವಿಷಯಕ್ಕೆ ಬಂದ. “ನಿಮ್ಮಪ್ಪ ರಾಗಿ ಬಿತ್ತೋದು ಯಾವತ್ತು?”

ಮಲ್ಲಿಕಾಂಬಳ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು.

ಅವಳ ತಂದೆ ದೇವೀರಪ್ಪನವರ ಹೊಲ ಇದ್ದದ್ದು ಪಂಚನಹಳ್ಳಿ ರಸ್ತೆಯ ಪಕ್ಕದಲ್ಲಿ. ಆ ಕಡೆ ದೇವೀರಪ್ಪ ಎಂದರೆ ಸಾಲು, ಸಾಲು ಎಂದರೆ ದೇವೀರಪ್ಪ. ಅವರು ಕೂರಿಗೆ ಹಿಡಿದು ಬಿತ್ತಿದ ರಾಗಿ ಹುಟ್ಟಿದಾಗ ಆ ಹಸಿರು ಗೆರೆಗಳು ಈ ಬದುವಿನಿಂದ ಆ ಬದುವಿನ ತನಕ ದಾರ ಹಿಡಿದ ಹಾಗೆ ಹೋಗುತ್ತಿದ್ದವು. ಅವರ ಹತ್ತಿರ ದಾರವೂ ಇರಲಿಲ್ಲ, ಗೂಟವೂ ಇರಲಿಲ್ಲ. ಇದ್ದದ್ದು ಎರಡು ಕಣ್ಣು ಮತ್ತು ಒಂದು ಜೊತೆ ಎತ್ತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು. ಊರಿನಲ್ಲಿ ಯಾರು ಬಿತ್ತಿದರೂ ಮೊದಲ ಸಾಲನ್ನು ದೇವೀರಪ್ಪನವರೇ ಬಂದು ಹಾಕಿಕೊಡಬೇಕು. ಮೊದಲನೆಯದು ನೆಟ್ಟಗಿದ್ದರೆ ಉಳಿದವು ಅದನ್ನು ನೋಡಿಕೊಂಡು ನೆಟ್ಟಗೆ ಬರುತ್ತವೆ. ಎಲೆ ಅಡಿಕೆ ಕೊಟ್ಟು ಕರೆದರೆ ಸಾಕು, ಅವರು ತಮ್ಮ ಕೆಲಸ ಬಿಟ್ಟು ಹೋಗುತ್ತಿದ್ದರು. ಅಷ್ಟು ದೊಡ್ಡ ಮನುಷ್ಯರಿಗೆ ಇದ್ದದ್ದು ಒಂದೇ ಒಂದು ದೌರ್ಬಲ್ಯ. ಅಳಿಯನ ಮಾತಿಗೆ ಇಲ್ಲ ಎನ್ನಲು ಅವರಿಗೆ ಬರುತ್ತಿರಲಿಲ್ಲ.

“ರೀ, ಬಿತ್ತನೆ ಹೊತ್ತಲ್ಲಿ ಹೋಗ್ಬೇಡ್ರಿ. ಕೊಯ್ಲಿಗೆ ಹೋಗಿ,” ಎಂದಳು ಮಲ್ಲಿಕಾಂಬ.

“ಕೊಯ್ಲಿಗೆ ಮೇಳ ಮುಗಿದಿರ್ತದೆ ಕಣೇ. ನಾನೇನು ಅವರಿಗೆ ತೊಂದರೆ ಕೊಡ್ತೀನಾ? ನಾನು ಅಲ್ಲಿ ಇದ್ದೂ ಇಲ್ಲದಂಗೆ ಇರ್ತೀನಿ. ಗಾಳಿ ಇದ್ದಂಗೆ.”

ಗಾಳಿ ಸೋಮವಾರ ಸಂಜೆ ಹೆಂಡತಿ ಸಮೇತ ಬಸ್ಸಿಳಿಯಿತು. ಕುತ್ತಿಗೆಯಲ್ಲಿ ಕ್ಯಾಮೆರಾ, ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಕಾಲಲ್ಲಿ ಹೊಸ ಬೂಟು. ಬಿತ್ತನೆ ಮಾರನೇ ದಿನವೇ ಎಂದು ಗೊತ್ತಾಗಿತ್ತು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಬುಧವಾರದ ಹೊತ್ತಿಗೆ ಮಣ್ಣಿನ ಹದ ಆರಿಹೋಗುತ್ತದೆ, ಉಳಿದದ್ದು ಮಂಗಳವಾರ.

ಮಂಗಳವಾರ ಬೆಳಗ್ಗೆ ಜಯದೇವಪ್ಪ ಜಗಲಿಗೆ ಬಂದು ನೋಡಿದ. ಮಾವನವರು ಮಠಕ್ಕೆ ಹೋಗುವಾಗ ಮಾತ್ರ ಹಾಕಿಕೊಳ್ಳುವ ಕರಿಯ ಕೋಟು ಹಾಕಿ, ಜರಿ ಅಂಚಿನ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಧರಿಸಿ ನಿಂತಿದ್ದಾರೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಕುತ್ತಿಗೆಗೆ ಗೆಜ್ಜೆಪಟ್ಟಿ ಕಟ್ಟಿದ್ದಾರೆ. ಹಿಮಾಲಯವೊಂದು ಬಾಕಿ.

“ಮಾವನೋರೇ, ಇದೆಲ್ಲಾ ಬೇಡಿ. ದಿನಾ ಹೊಲಕ್ಕೆ ಹೆಂಗೆ ಹೋಗ್ತೀರೋ ಹಂಗೇ ಬನ್ನಿ.”

“ಫೋಟೋ ಅಂದ್ರಲ್ಲ ಅಳಿಯಂದ್ರು,” ಎಂದರು ದೇವೀರಪ್ಪ ಮೆಲ್ಲಗೆ.

“ಫೋಟೋನೇ. ಆದ್ರೆ ಸಹಜವಾಗಿರ್ಬೇಕು. ಒಂದು ಹಳೇ ಅಂಗಿ ಹಾಕ್ಕೊಳ್ಳಿ. ಒಂಚೂರು ಹರಿದಿದ್ರೆ ಇನ್ನೂ ಚೆನ್ನ.”

ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಅತ್ತೆ ತೀರ್ಥಮ್ಮ ಅಳಿಯನ ಎದುರು ನಿಂತು ಮಾತಾಡುವವರಲ್ಲ. ಏನು ಹೇಳುವುದಿದ್ದರೂ ಬಾಗಿಲ ಮರೆಯಿಂದ ಮಗಳಿಗೆ ಹೇಳುತ್ತಿದ್ದರು.

“ಮಲ್ಲೀ, ನಮ್ಮನೇಲಿ ಹರಕಲು ಬಟ್ಟೆ ಇಟ್ಕೊಂಡಿಲ್ಲ ಅಂತ ಹೇಳವ್ವ.”

ಮಲ್ಲಿಕಾಂಬ ಗಂಡನ ಹತ್ತಿರ ಬಂದು ದನಿ ತಗ್ಗಿಸಿ, “ನಮ್ಮಪ್ಪನ ಅಂಗಿ ಹರಿದಿರ್ಲಿ ಅಂತ ಹಾರೈಸೋಕೆ ಅಷ್ಟು ದೂರದಿಂದ ಬಂದ್ರಾ?” ಎಂದಳು. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ. ಕೊನೆಗೆ ದೇವೀರಪ್ಪ ಕೋಟು ಬಿಚ್ಚಿ, ಮಡಿಸಿ, ಹೆಂಡತಿಯ ಕೈಗೆ ಕೊಟ್ಟು, ಒಗೆದ ಬಿಳಿ ಅಂಗಿಯಲ್ಲಿ ಹೊಲಕ್ಕೆ ನಡೆದರು.

ಹೊಲದಲ್ಲಿ ಹಾಲಮ್ಮ ಬೀಜದ ಮಡಿಲು ಕಟ್ಟಿಕೊಂಡು ಕಾಯುತ್ತಿದ್ದಳು. ಮೂವತ್ತು ವರ್ಷಗಳಿಂದ ಆ ಹೊಲಕ್ಕೆ ಬೀಜ ಬಿಟ್ಟ ಕೈ ಅವಳದು. ಎತ್ತು ಎಳೆಯುವ ಕೂರಿಗೆಯ ಮೇಲೆ ಒಂದು ಮರದ ಬಟ್ಟಲು, ಬಟ್ಟಲಿನಿಂದ ಒಂದೊಂದು ಹಲ್ಲಿಗೂ ಇಳಿದ ಬಿದಿರಿನ ಕೊಳವೆ. ದೇವೀರಪ್ಪ ಎತ್ತುಗಳನ್ನು ಹೊಡೆದುಕೊಂಡು ಕೂರಿಗೆ ಅದುಮಿ ಹಿಡಿದರೆ, ಹಾಲಮ್ಮ ಪಕ್ಕದಲ್ಲೇ ನಡೆಯುತ್ತಾ ಮುಷ್ಟಿಯಿಂದ ಆ ಬಟ್ಟಲಿಗೆ ರಾಗಿ ಬಿಡಬೇಕು. ಹೆಚ್ಚು ಬಿದ್ದರೆ ಪೈರು ದಟ್ಟವಾಗುತ್ತದೆ, ಕಮ್ಮಿ ಬಿದ್ದರೆ ಬೋಳು. ಸಾಸಿವೆಗಿಂತ ಸಣ್ಣ ಕಾಳು ಅವಳ ಬೆರಳ ಸಂದಿಯಿಂದ ಒಂದೇ ಸಮ ಇಳಿಯುವುದನ್ನು ನೋಡಿ ಜಯದೇವಪ್ಪ ನಿಜವಾಗಿ ಬೆರಗಾದ. ಹದಿಮೂರು ವರ್ಷ ಕತ್ತಲೆ ಕೋಣೆಯಲ್ಲಿ ಸೆಕೆಂಡು ಎಣಿಸಿದ ತನಗೂ ಇಂಥ ಲೆಕ್ಕ ಕೈಗೆ ಹತ್ತಿಲ್ಲ ಅನಿಸಿತು. ಬೆರಗಾಗಿ ಸುಮ್ಮನೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನು ಬೂಟು ಸಮೇತ ಹೊಲಕ್ಕಿಳಿದ. ಬಿತ್ತುವ ನೆಲವನ್ನು ಯಾರೂ ಮೆಟ್ಟು ಹಾಕಿಕೊಂಡು ತುಳಿಯುವುದಿಲ್ಲ. ದೇವೀರಪ್ಪ ಒಮ್ಮೆ ಬೂಟು ನೋಡಿದರು, ಒಮ್ಮೆ ಆಕಾಶ ನೋಡಿದರು, ಎತ್ತುಗಳನ್ನು ಮುಂದಕ್ಕೆ ಹೊಡೆದರು.

ಕ್ಯಾಮೆರಾದಲ್ಲಿ ಒಂದೇ ರೋಲು, ಹನ್ನೆರಡು ಚಿತ್ರ. ಮೊದಲನೆಯದಕ್ಕೆ ಎತ್ತುಗಳು ಅವನ ಸ್ಟ್ಯಾಂಡು ದಾಟಿ ಹೋಗಿಬಿಟ್ಟವು.

“ಮಾವನೋರೇ, ನಿಲ್ಸಿ. ಇನ್ನೊಂದ್ಸಲ ಅದೇ ಸಾಲಲ್ಲಿ ಬನ್ನಿ.”

“ಆ ಸಾಲಲ್ಲಿ ಕಾಳು ಬಿದ್ದದೆ ಅಳಿಯಂದ್ರೇ.”

“ಒಂದೇ ಒಂದ್ಸಲ.”

ದೇವೀರಪ್ಪ ಕೂರಿಗೆ ಎತ್ತಿ, ಎತ್ತು ತಿರುಗಿಸಿ, ಅದೇ ಸಾಲಿನಲ್ಲಿ ಮತ್ತೆ ಬಂದರು. ಮೋಡ ಅಡ್ಡ ಬಂತು. ಮೂರನೇ ಸಲವೂ ಬಂದರು. ಹಾಲಮ್ಮನ ಕೈ ಅಭ್ಯಾಸಬಲದಿಂದ ಮೂರು ಸಲವೂ ಕಾಳು ಬಿಟ್ಟಿತು.

ಆಮೇಲೆ ಬೆಳಕು ಸರಿಯಿಲ್ಲವೆಂದು ಎತ್ತುಗಳನ್ನು ಸ್ವಲ್ಪ ಬಿಸಿಲ ಕಡೆಗೆ ತಿರುಗಿಸಿ ನಡೆಸಿದ್ದಾಯಿತು. ಅದಾದ ಮೇಲೆ ಹಾಲಮ್ಮನ ಸರದಿ.

“ಹಾಲಮ್ಮಾ, ಮುಷ್ಟಿ ಹಂಗೇ ಮೇಲಕ್ಕೆತ್ತಿ ಹಿಡ್ಕೊಂಡು ನಡಿಯವ್ವ. ಕಾಳು ಬಿಡ್ಬೇಡ. ಬಿಟ್ಟಂಗೆ ಮಾಡು ಸಾಕು.”

ಹಾಲಮ್ಮ ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿ ದೇವೀರಪ್ಪನವರ ಕಡೆ ತಿರುಗಿದಳು. “ಯಜಮಾನ್ರೇ, ಬಿಟ್ಟಂಗೆ ಮಾಡಿದ್ರೆ ಹುಟ್ಟಿದಂಗೆ ಮಾಡ್ತದಾ ರಾಗಿ?”

“ಅಳಿಯಂದ್ರು ಓದಿದೋರು ಹಾಲಮ್ಮ. ಹೇಳಿದಂಗೆ ಮಾಡವ್ವ,” ಎಂದರು ದೇವೀರಪ್ಪ. ಅವರ ಕಣ್ಣು ಮಾತ್ರ ಮಣ್ಣಿನ ಮೇಲಿತ್ತು. ಬಿಸಿಲು ಏರುತ್ತಿತ್ತು, ಹದ ಇಳಿಯುತ್ತಿತ್ತು.

ಕೊನೆಯ ಚಿತ್ರಗಳಿಗೆ ಜಯದೇವಪ್ಪ ಸ್ಟ್ಯಾಂಡನ್ನು ಹೊಲದ ನಟ್ಟನಡುವೆ ಊರಿದ. ಎತ್ತುಗಳು ನೇರವಾಗಿ ಅವನ ಕಡೆಗೇ ಬಂದವು. ಯಾವ ಮಾವ ತಾನೇ ಅಳಿಯನಿಗೆ ಆಚೆ ಹೋಗು ಎಂದಾನು? ದೇವೀರಪ್ಪ ಹಗ್ಗ ಜಗ್ಗಿ, ಅಳಿಯನನ್ನು ದೇವಸ್ಥಾನದ ಕಂಬದ ಹಾಗೆ ಸುತ್ತಿಕೊಂಡು ಮುಂದೆ ಹೋದರು. ಹೋಗುತ್ತಾ ಬರುತ್ತಾ ನಾಲ್ಕು ಸಲ ಹಾಗೆಯೇ ಸುತ್ತಿದರು. ಐದನೇ ಸಲಕ್ಕೆ ಜಯದೇವಪ್ಪ ತಾನೇ ಹಿಂದಕ್ಕೆ ಸರಿದು, ಕೈ ಬೀಸಿ ಬೀಸಿ ದಾರಿ ತೋರಿಸುತ್ತಾ ಕೊನೆಯದನ್ನು ತೆಗೆದು ಮುಗಿಸಿದ.

ಬುತ್ತಿ ತಂದ ಮಲ್ಲಿಕಾಂಬ ಬದುವಿನ ಮೇಲೆ ನಿಂತು ನೋಡುವ ಹೊತ್ತಿಗೆ ಮುಳ್ಳುಕೊಂಬೆ ಎಳೆದು ಸಾಲುಗಳನ್ನೆಲ್ಲ ಮುಚ್ಚಿಯಾಗಿತ್ತು. ಹೊಲ ಎಲ್ಲಾ ಕಡೆಯೂ ಒಂದೇ ಥರ, ಕೆಂಪಗೆ, ನುಣ್ಣಗೆ ಕಾಣುತ್ತಿತ್ತು.

“ತೊಂದರೆ ಏನೂ ಕೊಡ್ಲಿಲ್ಲ ತಾನೇ?” ಎಂದು ಅವಳು ಕೇಳಿದಳು.

“ನಾನಿದ್ದದ್ದು ಅವರಿಗೆ ಗೊತ್ತೇ ಆಗ್ಲಿಲ್ಲ ಕಣೇ,” ಎಂದ ಜಯದೇವಪ್ಪ. ಹಾಲಮ್ಮನಿಗೆ ಕೆಮ್ಮು ಬಂತು.

ಕಡೂರಿಗೆ ಬಂದು ಅವನು ಬಚ್ಚಲುಮನೆ ಸೇರಿಕೊಂಡ. ಮನೆಯ ಕತ್ತಲೆ ಕೋಣೆ ಅದೇ. ಕಿಟಕಿಗೆ ಕಂಬಳಿ ಹೊಡೆದು, ಕೆಂಪು ದೀಪ ಹಾಕಿ, ಮಲ್ಲಿಕಾಂಬಳ ಅಕ್ಕಿ ತೊಳೆಯುವ ಎರಡು ಬೋಗುಣಿಗಳಲ್ಲಿ ದ್ರಾವಣ ತುಂಬಿ ಒಂದು ಮಧ್ಯಾಹ್ನವೆಲ್ಲ ಒಳಗೇ ಕೂತ. ಹೊರಗೆ ಅವಳು ಅಕ್ಕಿ ಹಿಡಿದು ಕಾದಳು. ಬಾಗಿಲು ತೆರೆದಾಗ ಅವನ ಕೈಯಲ್ಲಿ ಒದ್ದೆ ಚಿತ್ರವೊಂದಿತ್ತು.

ಚಿತ್ರದಲ್ಲಿ, ಅದೇ ಸಾಲಿಗೆ ಮೂರನೇ ಸಲ ಬಂದಾಗಿನ ಹಾಲಮ್ಮನ ಮುಷ್ಟಿ. ನರ ಎದ್ದ ಕೈ, ಸವೆದ ಬಳೆ, ಉಗುರ ಸಂದಿಯ ಮಣ್ಣು, ಅವುಗಳ ನಡುವಿನಿಂದ ಬೆಳಕಿಗೆ ಹೊಳೆಯುತ್ತಾ ಇಳಿಯುತ್ತಿದ್ದ ಕಾಳು. ಹಿಂದುಗಡೆ ಮಸುಕಾಗಿ ದೇವೀರಪ್ಪನವರ ಬಿಳಿ ಅಂಗಿ.

ಮಲ್ಲಿಕಾಂಬ ಬಹಳ ಹೊತ್ತು ನೋಡಿದಳು. “ಇದು ಚೆನ್ನಾಗಿದೆ ಕಣ್ರೀ,” ಎಂದಳು. ಒಂಬತ್ತು ವರ್ಷದ ಸಂಸಾರದಲ್ಲಿ ಇಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಜಯದೇವಪ್ಪನಿಗೆ ಬಹುಮಾನ ಆಗಲೇ ಬಂದಂತಾಯಿತು. ವಜೀರ್ ಸಾಬರಿಗೆ ಎರಡನೇ ಸ್ಥಾನ ಬಂದರೆ ಅವರನ್ನು ಹೇಗೆ ಸಮಾಧಾನಪಡಿಸಬೇಕೆಂದು ಕೂಡ ಯೋಚಿಸಿಟ್ಟುಕೊಂಡ.

ಹನ್ನೆರಡು ದಿನ ಕಳೆದ ಮೇಲೆ, ಚಿತ್ರವನ್ನು ಮಾವನವರಿಗೆ ತೋರಿಸಲು ಗಂಡ ಹೆಂಡತಿ ಮತ್ತೆ ಪಂಚನಹಳ್ಳಿ ಬಸ್ಸು ಹತ್ತಿದರು. ಹೊಲ ಹತ್ತಿರ ಬರುತ್ತಲೇ ಕಂಡಕ್ಟರ್ ಮಂಜಪ್ಪ ಬಗ್ಗಿ ಕಿಟಕಿಯಾಚೆ ನೋಡಿ, “ದೇವೀರಪ್ಪನ ಹೊಲ ಹೆಂಗಾಗ್ಯದೆ ನೋಡ್ರಪ್ಪ,” ಎಂದ. ಬಸ್ಸಿಗೆ ಬಸ್ಸೇ ಎಡಕ್ಕೆ ವಾಲಿತು.

ರಾಗಿ ಹುಟ್ಟಿತ್ತು. ಹೊಲದ ಎರಡು ಪಕ್ಕದಲ್ಲಿ ಸಾಲುಗಳು ಎಂದಿನಂತೆ ನೆಟ್ಟಗಿದ್ದವು. ನಡುವೆ ಮಾತ್ರ ಜಯದೇವಪ್ಪ ಆಡಿದ ಪ್ರತಿಯೊಂದು ಮಾತೂ ಹಸಿರಾಗಿ ಮೂಡಿತ್ತು. ‘ಇನ್ನೊಂದ್ಸಲ ಬನ್ನಿ’ ಎಂದ ಕಡೆ ಪೈರು ಹುಲ್ಲಿನ ಮೆದೆಯಂತೆ ಒತ್ತಾಗಿತ್ತು. ‘ಬಿಟ್ಟಂಗೆ ಮಾಡು’ ಎಂದ ಕಡೆ ಇಪ್ಪತ್ತು ಮಾರು ಬೋಳು ನೆಲ. ‘ಬಿಸಿಲ ಕಡೆ ತಿರುಗಿ’ ಎಂದ ಕಡೆ ಸಾಲುಗಳು ಕುಡುಗೋಲಿನ ಹಾಗೆ ಬಾಗಿದ್ದವು. ಮತ್ತು ನಟ್ಟನಡುವೆ, ಅವನು ನಿಂತಿದ್ದ ಜಾಗದಲ್ಲಿ, ಒಂದು ಕಾಳೂ ಹುಟ್ಟದ ಗುಂಡನೆಯ ಬಯಲು. ಅದನ್ನು ಬಳಸಿಕೊಂಡು ಸಾಲುಗಳು ಉಬ್ಬಿ ಹೋಗಿದ್ದವು.

“ವಯಸ್ಸಾಯ್ತಲ್ಲ, ಕಣ್ಣು ಮಂಜಾಗಿರ್ಬೇಕು,” ಎಂದ ಮುಂದಿನ ಸೀಟಿನವನು.

“ಕಣ್ಣು ಮಂಜಾದ್ರೆ ಸಾಲು ಡೊಂಕಾಗ್ತದೆ. ಇದು ಚಕ್ರ ಹೊಡ್ದದಲ್ಲಯ್ಯ,” ಎಂದ ಇನ್ನೊಬ್ಬ.

“ಪಾಪ, ಎಂಥಾ ಕೈ ಇತ್ತು,” ಎಂದ ಮಂಜಪ್ಪ, ತೀರಿಹೋದವರ ವಿಷಯ ಹೇಳುವ ದನಿಯಲ್ಲಿ.

ಮಲ್ಲಿಕಾಂಬ ಗಂಡನ ಕಡೆ ತಿರುಗಲಿಲ್ಲ. “ಗಾಳಿ ಜೋರಾಗೇ ಬೀಸಿದೆ,” ಎಂದಳು ಅಷ್ಟೇ.

ಮನೆಯಲ್ಲಿ ದೇವೀರಪ್ಪ ಜಗಲಿಯ ಮೇಲೆ ಕೂತಿದ್ದರು. ಊರೆಲ್ಲ ಬಿತ್ತನೆಯಲ್ಲಿದೆ, ಅವರೊಬ್ಬರು ಜಗಲಿಯ ಮೇಲೆ! ಪ್ರತಿ ವರ್ಷ ಈ ಹೊತ್ತಿಗೆ ಎಲೆ ಅಡಿಕೆ ಹಿಡಿದು ಬಂದವರು ಅಂಗಳದಲ್ಲಿ ಸರದಿ ನಿಲ್ಲುತ್ತಿದ್ದರು. ಈ ಸಲ ಯಾರೂ ಬಂದಿರಲಿಲ್ಲ. ಪಕ್ಕದ ಹೊಲದ ಚೌಡಪ್ಪ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ತನ್ನ ಮೊದಲ ಸಾಲನ್ನು ತಾನೇ ಹಾಕಿಕೊಂಡಿದ್ದ.

“ಜನ ಕೇಳಿದ್ದಕ್ಕೆ ನೀನೇನಪ್ಪಾ ಅಂದೆ?” ಎಂದು ಮಲ್ಲಿಕಾಂಬ ಕೇಳಿದಳು.

“ಕೈ ತಪ್ತು ಅಂದೆ.”

“ಇವರ ಹೆಸರು ಹೇಳ್ಬಾರ್ದಿತ್ತಾ?”

“ಮನೆ ಅಳಿಯಂದ್ರನ್ನ ಊರ ಬಾಯಿಗೆ ಹಾಕ್ಲಾ?” ಎಂದರು ದೇವೀರಪ್ಪ. ಆಮೇಲೆ ಅಳಿಯ ತಂದ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಹಾಲಮ್ಮನ ಕೈಯಿ ಥೇಟು ಬಂದದೆ. ದೊಡ್ಡ ವಿದ್ಯೆ ನಿಮ್ದು,” ಎಂದು ಮನಸ್ಸು ತುಂಬಿ ಮೆಚ್ಚಿಕೊಂಡರು. ಅವರು ಬೈದಿದ್ದರೆ ಜಯದೇವಪ್ಪ ತಡೆದುಕೊಳ್ಳುತ್ತಿದ್ದ. ಈ ಮೆಚ್ಚುಗೆಯನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ.

ಅವನು ನೇರವಾಗಿ ಊರಬಾಗಿಲ ಕಟ್ಟೆಗೆ ಹೋದ. ಚೌಡಪ್ಪನೂ ಇನ್ನೂ ಆರೇಳು ಜನರೂ ಅಲ್ಲಿದ್ದರು. ಜಯದೇವಪ್ಪ ಎದೆ ಸೆಟೆಸಿ ಹೇಳಿದ: “ನೋಡಿ, ಆ ಹೊಲ ಕೆಟ್ಟಿದ್ದು ನನ್ನಿಂದ. ಮಾವನೋರ ತಪ್ಪು ಎಳ್ಳಷ್ಟೂ ಇಲ್ಲ. ಅಡ್ಡ ನಿಂತಿದ್ದೋನು ನಾನು.”

ಚೌಡಪ್ಪ ಎದ್ದು ಬಂದು ಅವನ ಕೈ ಹಿಡಿದುಕೊಂಡ. ಚೌಡಪ್ಪನ ಕಣ್ಣಲ್ಲಿ ನೀರಿತ್ತು.

“ಅಳಿಯ ಅಂದ್ರೆ ಹಿಂಗಿರ್ಬೇಕು ಕಣ್ರಪ್ಪ. ಮಾವನ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಂಡು ಬಂದ್ಬಿಟ್ನಲ್ಲ.”

“ಅಲ್ಲ, ನಿಜವಾಗ್ಲೂ ನಾನೇ...”

“ಸಾಕು ಬಿಡಿ. ನಮಗೆ ಅರ್ಥ ಆಗ್ತದೆ. ದೇವೀರಪ್ಪನ ಪುಣ್ಯ.”

ಸಾಯಂಕಾಲದ ಹೊತ್ತಿಗೆ ಜಯದೇವಪ್ಪನ ಕೀರ್ತಿ ಊರೆಲ್ಲ ಹಬ್ಬಿತು. ಹೆಂಗಸರು ಬಾಗಿಲಿಗೆ ಬಂದು ಅವನನ್ನು ನೋಡಿ ಹೋದರು. ಅಳಿಯನೇ ತಪ್ಪು ಹೊರಬೇಕಾಗಿ ಬಂದಿದೆ ಎಂದ ಮೇಲೆ ದೇವೀರಪ್ಪನವರ ಕಣ್ಣು ಪೂರ್ತಿ ಹೋಗಿದೆ ಎನ್ನುವುದು ಖಾತ್ರಿಯಾಯಿತು. ಒಬ್ಬರು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ವಿಳಾಸವನ್ನೂ ತಂದುಕೊಟ್ಟರು.

“ಭೇಷ್,” ಎಂದಳು ಮಲ್ಲಿಕಾಂಬ. “ಹೊಲ ನಮ್ಮಪ್ಪಂದು ಹೋಯ್ತು, ಹೆಸರು ನಿಮ್ದು ಬಂತು.”

“ಫೋಟೋ ಇದಾವಲ್ಲ ಕಣೇ. ಪುರಾವೆ ತೋರಿಸ್ತೀನಿ.”

ಆದರೆ ಚೀಲದಲ್ಲಿ ತಂದಿದ್ದ ಉಳಿದ ಚಿತ್ರಗಳನ್ನೂ ಚೌಡಪ್ಪನ ಮುಂದೆ ಹರಡಿದಾಗ ಅವನು ಒಂದೊಂದನ್ನೇ ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ. “ಇದ್ರಲ್ಲಿ ಕೂರಿಗೆ ಹಿಡ್ದೋನು ದೇವೀರಪ್ಪ, ಕಾಳು ಬಿಟ್ಟೋಳು ಹಾಲಮ್ಮ. ನೀವೆಲ್ಲಿದೀರಾ?”

ಜಯದೇವಪ್ಪ ಬೆಪ್ಪಾದ. ಇದ್ದದ್ದು ಇದ್ದ ಹಾಗೆ ತೆಗೆದ ಚಿತ್ರಗಳಲ್ಲಿ ಎಲ್ಲರೂ ಇದ್ದರು, ತಪ್ಪು ಮಾಡಿದವನೊಬ್ಬ ಇರಲಿಲ್ಲ.

ಕಡೂರಿಗೆ ಮರಳಿದವನೇ ಮತ್ತೆ ಬಚ್ಚಲುಮನೆ ಹೊಕ್ಕು ಹನ್ನೆರಡೂ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದ. ಹನ್ನೊಂದರಲ್ಲಿ ಅವನ ಸುಳಿವಿಲ್ಲ. ಹನ್ನೆರಡನೆಯದನ್ನು ಅವನು ಪ್ರಿಂಟೇ ಹಾಕಿರಲಿಲ್ಲ, ಕೆಟ್ಟುಹೋಗಿದೆ ಎಂದು ಪಕ್ಕಕ್ಕಿಟ್ಟಿದ್ದ. ಸೂರ್ಯ ಬೆನ್ನ ಹಿಂದಿದ್ದಾಗ ತೆಗೆದದ್ದು. ಚಿತ್ರದ ತುಂಬ ಅವನದೇ ನೆರಳು. ಕಲಿಯುವವರೂ ಮಾಡದ ತಪ್ಪು, ವಜೀರ್ ಸಾಬರು ಕಂಡರೆ ಕಿವಿ ಹಿಂಡುವಂಥದ್ದು. ಅವನು ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿದ. ದ್ರಾವಣದೊಳಗೆ ನೆರಳು ಮೆಲ್ಲಗೆ ಮೇಲೆದ್ದಿತು: ಮೂರು ಕಾಲಿನ ಸ್ಟ್ಯಾಂಡು, ಎರಡು ಕಾಲಿನ ಜಯದೇವಪ್ಪ, ಎತ್ತುಗಳಿಗೆ ಅಡ್ಡವಾಗಿ ಚಾಚಿದ ಅವನ ಉದ್ದನೆಯ ಕೈ. ಅದರಾಚೆಗೆ ಅವನು ಮೊದಲು ನಿಂತಿದ್ದ ಗುಂಡನೆಯ ಜಾಗ, ತುಂಬ ಬೂಟಿನ ಗುರುತು. ಆ ಜಾಗವನ್ನು ಬಳಸಿ ಹೋದ ಹಸಿ ಸಾಲುಗಳು.

ಆದರೆ ಪ್ರದರ್ಶನಕ್ಕೆ ಒಬ್ಬರಿಗೆ ಒಂದೇ ಚಿತ್ರ. ಊರವರೆಲ್ಲ ಒಟ್ಟಿಗೆ ಬಂದು ನೋಡುವುದು ಅಲ್ಲಿ ಮಾತ್ರ. ಜಯದೇವಪ್ಪ ಮುಷ್ಟಿಯ ಚಿತ್ರವನ್ನೂ ನೆರಳಿನ ಚಿತ್ರವನ್ನೂ ಬಚ್ಚಲ ತಂತಿಗೆ ಪಕ್ಕಪಕ್ಕ ಕ್ಲಿಪ್ಪು ಹಾಕಿ ಎರಡು ದಿನ ನೋಡಿದ. ಒಂದರಲ್ಲಿ ಅವನ ಹದಿಮೂರು ವರ್ಷದ ವಿದ್ಯೆಯಿತ್ತು, ಇನ್ನೊಂದರಲ್ಲಿ ಅವನ ದಡ್ಡತನ. ಸ್ನಾನಕ್ಕೆ ಬಂದ ಮಲ್ಲಿಕಾಂಬಳೂ ಎರಡನ್ನೂ ನೋಡಿದಳು. ನೀರು ಸಿಡಿಯದಂತೆ ಎರಡನ್ನೂ ಪಕ್ಕಕ್ಕೆ ಸರಿಸಿ ಸ್ನಾನ ಮುಗಿಸಿ ಹೋದಳು. ಮೂರನೇ ದಿನ ಅವನು ಮುಷ್ಟಿಯ ಚಿತ್ರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ನೆರಳಿನ ಚಿತ್ರಕ್ಕೆ ಕಟ್ಟು ಹಾಕಿಸಿ, ಕೆಳಗೆ ತನ್ನ ಕೈಯಾರೆ ಬರೆದ: ‘ಅಡ್ಡ ನಿಂತವನು ಅಳಿಯ.’

ಮೇಳದ ದಿನ ಶಾಲೆಯ ಹಾಲ್‌ನಲ್ಲಿ ಜನವೋ ಜನ. ಬಹುಮಾನ ವಜೀರ್ ಸಾಬರಿಗೇ ಬಂತು. ಎಮ್ಮೆದೊಡ್ಡಿ ಕಾವಲಿನ ದನಗಳ ನಡುವೆ ಒಬ್ಬ ಮುದುಕ ಕರುವಿನ ಕಾಲಿನ ಮುಳ್ಳು ಕೀಳುತ್ತಿದ್ದ ಚಿತ್ರ. ಹತ್ತಿರ ಹೋದರೆ ಹಾಯಲು ಬರುವ ಅಮೃತಮಹಲ್ ದನಗಳು ಅದರಲ್ಲಿ ಕ್ಯಾಮೆರಾ ಕಡೆ ತಿರುಗಿಯೂ ನೋಡಿರಲಿಲ್ಲ.

“ಇದನ್ನ ಹೆಂಗೆ ತೆಗೆದ್ರಿ ಸಾಬ್ರೇ?” ಎಂದು ಜಯದೇವಪ್ಪ ಕೇಳಿದ.

“ಎರಡು ದಿನ ಮರದ ಬುಡದಲ್ಲಿ ಸುಮ್ನೆ ಕೂತಿದ್ದೆ ಕಣಪ್ಪಾ, ಕ್ಯಾಮೆರಾ ಚೀಲದಲ್ಲೇ ಇಟ್ಕೊಂಡು. ಮೂರನೇ ದಿನ ದನಗಳಿಗೆ ನನ್ನ ನೋಡಿ ಬೇಜಾರಾಯ್ತು. ಆಗ ತೆಗೆದೆ,” ಎಂದರು ವಜೀರ್ ಸಾಬರು. ಆಮೇಲೆ ಶಿಷ್ಯನ ಚಿತ್ರದ ಮುಂದೆ ನಿಂತು, ನೆರಳನ್ನು ನೋಡಿ, ಕೆಳಗಿನ ಬರಹ ಓದಿ, ಅವನ ಬೆನ್ನ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಚೌಡಪ್ಪ ಊರವರ ಜೊತೆ ಬಂದ. ಕಣ್ಣು ಕಿರಿದು ಮಾಡಿಕೊಂಡು ಹೊಲ ನೋಡುವ ಹಾಗೆಯೇ ಚಿತ್ರ ನೋಡಿದ. “ಈ ಮೂರು ಕಾಲು ಸ್ಟ್ಯಾಂಡಿಂದು. ಈ ಎರಡು ಅಳಿಯಂದು. ಬಿತ್ತೋ ನೆಲದಾಗೆ ಬೂಟಿನ ಗುರುತು ಬೇರೆ. ಅಂದ್ರೆ ಇವರು ಕಟ್ಟೆ ಮೇಲೆ ಹೇಳಿದ್ದು ನಿಜಾನೇ ಕಣ್ರಪ್ಪ!” ಅವನ ಮುಖದಲ್ಲಿದ್ದ ಭಕ್ತಿಯೆಲ್ಲ ಇಳಿದುಹೋಯಿತು. ಜಯದೇವಪ್ಪನ ಕೀರ್ತಿ ಹುಟ್ಟಿದ್ದಕ್ಕಿಂತ ಬೇಗ ಸತ್ತಿತು.

ಆದರೆ ಚೌಡಪ್ಪ ಅಲ್ಲಿಂದ ಕದಲಲಿಲ್ಲ. ಅವನ ಬೆರಳು ಒಂದು ಸಾಲನ್ನು ಹಿಡಿದು ಮೇಲಕ್ಕೆ ಹೋಯಿತು, ಬೂಟಿನ ಗುರುತಿನ ಜಾಗವನ್ನು ಬಳಸಿತು, ಆಚೆ ಬದಿಗೆ ಬಂದು ನಿಂತಿತು. ಅಲ್ಲಿ ಆ ಸಾಲು, ಏನೂ ನಡೆದೇ ಇಲ್ಲವೆಂಬಂತೆ, ಹೊರಟ ಗೆರೆಗೇ ಕೂಡಿಕೊಂಡು ಬದುವಿನ ತನಕ ನೆಟ್ಟಗೆ ಹೋಗಿತ್ತು. ಎರಡನೆಯದನ್ನು ಹಿಡಿದ, ಅದೂ ಹಾಗೆಯೇ. ಮೂರನೆಯದೂ ಹಾಗೆಯೇ.

“ಲೇ, ನೋಡ್ರೋ ಇಲ್ಲಿ,” ಎಂದ ಚೌಡಪ್ಪ, ದನಿ ತಗ್ಗಿಸಿ. “ಆಳು ಅಡ್ಡ ನಿಂತವ್ನೆ. ದೇವೀರಪ್ಪ ಸುತ್ತಿ ಹಾಕ್ಕೊಂಡು ಹೋಗಿ ಮತ್ತೆ ಅದೇ ಗೆರೆಗೆ ಬಂದವ್ನೆ. ನೆಟ್ಟಗೆ ಹೊಡಿಯೋದನ್ನ ನಾವೂ ಹೊಡಿತೀವಿ. ಇದನ್ನ ಯಾರು ಹೊಡಿತಾರೆ?”

ಹಿಂದೆ, ಬಾಗಿಲ ಹತ್ತಿರ, ಕರಿಯ ಕೋಟು ಹಾಕಿಕೊಂಡು ದೇವೀರಪ್ಪ ನಿಂತಿದ್ದರು. ಚೌಡಪ್ಪ ಜನರನ್ನು ದಾಟಿಕೊಂಡು ಅವರ ಬಳಿಗೆ ಹೋದ. ಜೇಬಿನಿಂದ ಎಲೆ ಅಡಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದು, “ದೇವೀರಪ್ಪ, ಗುರುವಾರ ಹುರುಳಿ ಹಾಕ್ತೀನಿ. ಮೊದಲ ಸಾಲು ನೀನೇ ಬಂದು ಹಾಕ್ಕೊಡ್ಬೇಕು,” ಎಂದ. ದೇವೀರಪ್ಪ ಎಲೆ ಅಡಿಕೆ ತೆಗೆದುಕೊಂಡರು. ಮಲ್ಲಿಕಾಂಬ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಹುಮಾನವಿಲ್ಲದ ಜಯದೇವಪ್ಪನಿಗೆ ಅವತ್ತು ಆದ ಸಂತೋಷ ಬಹುಮಾನ ಬಂದ ವಜೀರ್ ಸಾಬರಿಗೂ ಆಗಿರಲಾರದು.

ಮನೆಗೆ ಹಿಂತಿರುಗುವಾಗ ಅವನು ಹೆಂಡತಿಗೆ ಹೇಳಿದ: “ಮುಂದಿನ ವರ್ಷ ನೋಡು. ಬೂಟು ಬಿಚ್ಚಿ, ಬದುವಿನ ಮೇಲೆ ಕೂತು, ಉಸಿರು ಬಿಗಿ ಹಿಡ್ಕೊಂಡು ತೆಗಿತೀನಿ. ಮಾವನೋರು ಕರೀಲಿ, ಸಾಕು.”

ಮುಂದಿನ ವರ್ಷ ಮುಂಗಾರು ಸಕಾಲಕ್ಕೆ ಬಂತು. ಜುಲೈ ಮೊದಲ ವಾರದಿಂದಲೇ ಜಯದೇವಪ್ಪ ಹೊಸ ರೋಲು ತಂದಿಟ್ಟುಕೊಂಡು ದಿನಾ ಅಂಚೆಯವನ ದಾರಿ ನೋಡಿದ. ತಿಂಗಳ ಕೊನೆಗೆ ಮಾವನವರ ಕಾರ್ಡು ಬಂತು. ಮಲ್ಲಿಕಾಂಬ ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ, ನಗು ತಡೆದುಕೊಳ್ಳುತ್ತಾ, ಗಂಡನಿಗೆ ಕೇಳುವಂತೆ ಓದಿದಳು:

“ಚಿ. ಸೌ. ಮಲ್ಲಿಕಾಂಬಳಿಗೆ ತಂದೆ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ಸಂಜೆಗೆ ನಮ್ಮ ಹೊಲದ ಬಿತ್ತನೆ ಪೂರ್ತಿ ಮುಗಿಯಿತು. ಆದ್ದರಿಂದ ಅಳಿಯಂದಿರನ್ನು ಕರೆದುಕೊಂಡು ಕೂಡಲೇ ಹೊರಟು ಬರುವುದು.”